ನೋವು ಹೋದ ಮೇಲೂ ಉಳುಕಿದ ಪಾದಕ್ಕೆ ಫಿಸಿಯೋ ಬೇಕಾ?

ಮುಂಜಾವಿನ_ಓಟ
ಎಲ್ಲರಿಗೂ ನಮಸ್ಕಾರ. ಪಾದ ಒಳಕ್ಕೆ ಹೊರಳಿ ಆ್ಯಂಕಲ್‌ನ (ಪಾದದ ಕೀಲಿನ) ಹೊರಬದಿ ಲಿಗಮೆಂಟ್‌ಗೆ, ಅಂದ್ರೆ ಮೂಳೆಗಳನ್ನ ಜೋಡಿಸೋ ಪಟ್ಟಿಗೆ ಪೆಟ್ಟಾಗಿದೆ. ಗ್ರೇಡ್ 2 (ಅರ್ಧಂಬರ್ಧ ಹರಿದಿದೆ) ಅಂದಿದ್ದಾರೆ, ಎಕ್ಸ್-ರೇಯಲ್ಲಿ ಮೂಳೆ ಮುರಿದಿಲ್ಲ. ಈಗ ನಾಲ್ಕನೇ ವಾರ. ಸಮತಟ್ಟು ನೆಲದಲ್ಲಿ ನಡೆದರೆ ನೋವಿಲ್ಲ. ಮೆಟ್ಟಿಲು ಇಳಿಯುವಾಗ ಬಿಗಿ, ಸಂಜೆ ಹೊತ್ತಿಗೆ ಸ್ವಲ್ಪ ಊತ. ಫಿಸಿಯೋ ಕೊಟ್ಟ ಹಾಳೆಯಲ್ಲಿ ರಬ್ಬರ್ ಬ್ಯಾಂಡ್, ಒಂಟಿ ಕಾಲಲ್ಲಿ ನಿಲ್ಲೋದು, ಹಿಮ್ಮಡಿ ಎತ್ತೋದು, ಕೊನೆಗೆ ಕುಪ್ಪಳಿಸೋದು ಅಂತ ಇನ್ನೂ ಆರೇಳು ವಾರದ ಕೆಲಸ ಇದೆ. ನೋವೇ ಇಲ್ಲ ಅಂದಮೇಲೆ ಇಷ್ಟೆಲ್ಲ ಯಾಕೆ? ಓಟ ಯಾವಾಗ ಶುರು ಮಾಡಬಹುದು, ಬ್ರೇಸ್ (ಆ್ಯಂಕಲ್‌ಗೆ ಹಾಕೋ ಆಸರೆ) ಎಲ್ಲಿಯವರೆಗೆ ಬೇಕು? ಗೊತ್ತಿರೋರು ಹೇಳಿ.

ಕೀಲು_ಕೆಲಸ
ನೋವು ಹೋಗುವುದು ಬೇರೆ, ಲಿಗಮೆಂಟ್ ಗಟ್ಟಿಯಾಗುವುದು ಬೇರೆ. ಮೊದಲ ನಾಲ್ಕೈದು ದಿನ ಊತ, ಬಿಸಿ, ನೋವು. ಅಲ್ಲಿಂದ ಸುಮಾರು ಆರು ವಾರದವರೆಗೆ ಹರಿದ ಜಾಗದಲ್ಲಿ ಹೊಸ ಕೊಲಾಜನ್ (ಲಿಗಮೆಂಟಿನ ಪ್ರೋಟೀನ್ ಎಳೆ) ತುಂಬುತ್ತದೆ. ಅದು ಹೆಚ್ಚಾಗಿ ಟೈಪ್ 3: ತೆಳು ಎಳೆ, ಅಡ್ಡಾದಿಡ್ಡಿ ಹರಡಿರುತ್ತದೆ. ಅದರ ಜಾಗಕ್ಕೆ ಗಟ್ಟಿಯಾದ ಟೈಪ್ 1 ಬಂದು, ಎಳೆತದ ದಿಕ್ಕಿಗೆ ಸಾಲಾಗಿ ಕೂರಲು ತಿಂಗಳುಗಟ್ಟಲೆ ಬೇಕು, ಕೆಲವರಿಗೆ ವರ್ಷವೂ ದಾಟುತ್ತದೆ. ಹದವಾದ ಭಾರ ಬಿದ್ದರೆ ಮಾತ್ರ ಎಳೆಗಳು ಸರಿಯಾದ ದಿಕ್ಕಿಗೆ ಜೋಡಣೆಯಾಗುತ್ತವೆ. ನಾಲ್ಕನೇ ವಾರದಲ್ಲಿ ನಿಮ್ಮ ಲಿಗಮೆಂಟ್ ಇನ್ನೂ ಆ ನಡುವಿನ ಹಂತದಲ್ಲಿದೆ.

ಪಾದ ಕೆಳಮುಖವಾಗಿ ಒಳಕ್ಕೆ ಹೊರಳಿದಾಗ ಮೊದಲು ಪೆಟ್ಟು ತಿನ್ನುವುದು ಹೊರಬದಿ ಉಬ್ಬುಮೂಳೆಯ ಮುಂದಿರುವ ಎಟಿಎಫ್‌ಎಲ್ ಎಂಬ ಲಿಗಮೆಂಟ್. ಹೊಡೆತ ಜೋರಿದ್ದರೆ ಕೆಳಗಿನ ಸಿಎಫ್‌ಎಲ್ ಕೂಡ. ಹಿಂಬದಿಯ ಪಿಟಿಎಫ್‌ಎಲ್‌ಗೆ ಪೆಟ್ಟಾಗುವುದು ಅಪರೂಪ. ಈ ಲಿಗಮೆಂಟ್‌ಗಳ ಒಳಗೆ ಕೀಲು ಯಾವ ಕೋನದಲ್ಲಿದೆ ಎಂದು ಮಿದುಳಿಗೆ ತಿಳಿಸುವ ನರತುದಿಗಳಿವೆ. ಎಳೆ ಹರಿದಾಗ ಅವಕ್ಕೂ ಹಾನಿಯಾಗುತ್ತದೆ. ಪಾದ ಹೊರಳುವಾಗ ಅದನ್ನು ಹೊರಕ್ಕೆ ಎಳೆದು ಕಾಪಾಡಬೇಕಾದ ಪೆರೋನಿಯಲ್ ಸ್ನಾಯುಗಳು ಬಲ ಕಳೆದುಕೊಂಡಿರುತ್ತವೆ, ಎಚ್ಚೆತ್ತುಕೊಳ್ಳುವುದೂ ತಡ. ನೋವಿಲ್ಲದಿದ್ದರೂ ಪಾದ ಮತ್ತೆ ಹೊರಳುವುದಕ್ಕೆ ಇದೇ ಕಾರಣ. ನಿಮ್ಮ ಹಾಳೆಯ ಮೊದಲರ್ಧ ನೋವಿಗೆ, ಉಳಿದರ್ಧ ಈ ಕೊರತೆಗೆ. ಜನ ಬಿಡುವುದು ಆ ಎರಡನೇ ಅರ್ಧವನ್ನೇ.

ಶಟಲ್_ಪ್ರಿಯ
ಇಷ್ಟೆಲ್ಲ ಬೇಡ ಸರ್. ನೋವಿಲ್ಲ ಅಂದ್ರೆ ಒಳ್ಳೆ ಬ್ರೇಸ್ ಹಾಕ್ಕೊಂಡು ಆಡಿ, ಸಾಕು.

ಹಿಮ್ಮಡಿ_ನೆಲಕ್ಕೆ
@ಶಟಲ್_ಪ್ರಿಯ ಬ್ರೇಸ್ ಪಾದ ಹೊರಳೋದನ್ನ ತಡೆಯುತ್ತೆ, ಸರಿ. ಮೆಟ್ಟಿಲು ಇಳಿಯುವಾಗಿನ ಬಿಗಿ ಬಿಡಿಸುತ್ತಾ? ಮೀನಖಂಡಕ್ಕೆ ಬಲ ಕೊಡುತ್ತಾ? 2009ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಆ್ಯಂಕಲ್ ಉಳುಕಿದ್ದ 522 ಕ್ರೀಡಾಪಟುಗಳ ಮೇಲೆ ಒಂದು ಅಧ್ಯಯನ ನಡೀತು. ಒಂದು ಗುಂಪಿಗೆ ಮಾಮೂಲಿ ಚಿಕಿತ್ಸೆಯ ಜೊತೆ 8 ವಾರ ಮನೆಯಲ್ಲೇ ಸಮತೋಲನದ ವ್ಯಾಯಾಮ, ಇನ್ನೊಂದಕ್ಕೆ ಮಾಮೂಲಿ ಚಿಕಿತ್ಸೆ ಮಾತ್ರ. ವರ್ಷದೊಳಗೆ ಮತ್ತೆ ಉಳುಕಿದ್ದು ಮೊದಲ ಗುಂಪಲ್ಲಿ 22%, ಎರಡನೆಯದರಲ್ಲಿ 33%. ವಾರಕ್ಕೆ ಮೂರು ಸಲ, ಒಂದೊಂದು ಸಲ ಅರ್ಧ ಗಂಟೆ ಒಳಗೆ ಮುಗಿಯೋ ಕೆಲಸಕ್ಕೆ ಇಷ್ಟು ಫಲ ಸಿಗುತ್ತೆ ಅಂದ್ರೆ ಬಿಡೋದು ಯಾಕೆ?

ಶಟಲ್_ಪ್ರಿಯ
ಅದನ್ನ ಹೇಳೋರು 2014ರ ಇನ್ನೊಂದು ಡಚ್ ಅಧ್ಯಯನವನ್ನೂ ಹೇಳಬೇಕಲ್ವಾ? ಅದರಲ್ಲಿ ಬರೀ ವ್ಯಾಯಾಮ ಮಾಡಿದವರಲ್ಲಿ 27% ಜನಕ್ಕೆ ಮತ್ತೆ ಉಳುಕಿತು, ಬ್ರೇಸ್ ಹಾಕಿದವರಲ್ಲಿ 15%, ಎರಡೂ ಮಾಡಿದವರಲ್ಲಿ 19%. ಬ್ರೇಸ್ ಗೆದ್ದಿದೆ.

ಕೀಲು_ಕೆಲಸ
@ಶಟಲ್_ಪ್ರಿಯ ಅಂಕಿ ಸರಿಯಾಗಿಯೇ ಇದೆ. ಆದರೆ ಅಲ್ಲಿ ಬ್ರೇಸ್ ಗುಂಪಿನವರು ಆಡುವಾಗಲೆಲ್ಲ 12 ತಿಂಗಳು ಬ್ರೇಸ್ ಹಾಕಿದ್ದರು. ಎರಡೂ ಮಾಡಿದ ಗುಂಪಿನವರು ಹಾಕಿದ್ದು 8 ವಾರ ಮಾತ್ರ. ಹಾಗಾಗಿ ಅದರಿಂದ ಬ್ರೇಸ್ ಸಾಕು, ವ್ಯಾಯಾಮ ಬೇಡ ಎಂದು ಹೇಳಲಾಗದು. ಆಟಕ್ಕೆ ಮರಳಿದ ಮೇಲೆ ವರ್ಷಪೂರ್ತಿ ಬ್ರೇಸ್ ಹಾಕುವುದು ಒಳ್ಳೆಯದು ಎಂದು ಖಂಡಿತ ಹೇಳಬಹುದು. ನಾನಾದರೆ ಎರಡನ್ನೂ ಹೇಳುತ್ತೇನೆ: ಆಟದ ಹೊತ್ತಿಗೆ ಬ್ರೇಸ್, ಮನೆಯಲ್ಲಿ ನಡೆಯುವಾಗ, ವ್ಯಾಯಾಮ ಮಾಡುವಾಗ ಬರಿಗಾಲು. ಇಡೀ ದಿನ ಬ್ರೇಸ್ ಹಾಕಿಕೊಂಡೇ ಇದ್ದರೆ ಸ್ನಾಯುವಿಗೆ ಕೆಲಸವೇ ಇರುವುದಿಲ್ಲ.

ಶಟಲ್_ಪ್ರಿಯ
ಆಟದ ಹೊತ್ತಿಗೆ ವರ್ಷಪೂರ್ತಿ ಅಂದ್ರಲ್ಲ, ಅಷ್ಟು ಒಪ್ಪಿದ್ರೆ ನಂಗೆ ತಕರಾರಿಲ್ಲ.

ನೀಲಿಕೊಡೆ
ಬ್ರೇಸ್ ಬದಲು ಟೇಪ್ ಸುತ್ತಿಕೊಂಡರೆ ಆಗಲ್ವಾ?

ಬಿಳಿಪಟ್ಟಿ
ಆಗುತ್ತೆ. ಆದರೆ ಆಟ ಶುರುವಾಗಿ ಇಪ್ಪತ್ತು ಮೂವತ್ತು ನಿಮಿಷಕ್ಕೆ ಟೇಪ್ ಸಡಿಲ ಆಗುತ್ತೆ, ಸುತ್ತೋಕೆ ಕೈ ಪಳಗಿರಬೇಕು, ಚರ್ಮ ಕೆಂಪಗಾಗೋ ತೊಂದರೆ ಬೇರೆ. ಲೇಸ್ ಕಟ್ಟೋ ಬ್ರೇಸ್ ಆದ್ರೆ ಆಟದ ಮಧ್ಯೆ ಮತ್ತೆ ಬಿಗಿ ಮಾಡ್ಕೋಬಹುದು. ದಿನಾ ಬಳಸೋರಿಗೆ ಬ್ರೇಸೇ ವಾಸಿ.

ಬಡಗಣ_ಗಾಳಿ
ಎಲ್ಲಾರೂ ನಾಕನೇ ವಾರದ್ದ ಮಾತಾಡಾಕತ್ತೀರಿ. ಉಳುಕಿದ ಮೊದಲ ಎರಡು ಮೂರು ದಿನ ಏನ್ ಮಾಡಬೇಕು ಅಂತ ಸ್ವಲ್ಪ ಹೇಳ್ರಿ. ಒಬ್ಬರು ಐಸ್ ಇಡ್ರಿ ಅಂತಾರ, ಇನ್ನೊಬ್ಬರು ಐಸ್ ಇಟ್ರ ವಾಸಿ ಆಗೂದ ತಡಾ ಆಗ್ತದ ಅಂತಾರ. ಯಾರ ಮಾತು ಕೇಳೂದ್ರಿ?

ಹಿಮ್ಮಡಿ_ನೆಲಕ್ಕೆ
@ಬಡಗಣ_ಗಾಳಿ ಐಸ್ ಅನ್ನೋದು ನೋವಿಗೆ. ಲಿಗಮೆಂಟ್ ಬೇಗ ಕೂಡಿಕೊಳ್ಳುತ್ತೆ ಅನ್ನೋದಕ್ಕೆ ಆಧಾರ ಇಲ್ಲ. ವಿಶ್ರಾಂತಿ, ಐಸ್, ಪಟ್ಟಿ, ಕಾಲು ಎತ್ತಿಡೋದು, ಈ ನಾಲ್ಕನ್ನೂ ಸೇರಿಸಿ 'ರೈಸ್' ಸೂತ್ರ ಮಾಡಿದ್ದು 1978ರಲ್ಲಿ ಅಮೆರಿಕದ ಡಾ. ಗೇಬ್ ಮರ್ಕಿನ್. 2014ರಲ್ಲಿ ಅವರೇ ಐಸ್ ಮತ್ತು ಪೂರ್ತಿ ವಿಶ್ರಾಂತಿ ವಾಸಿಯಾಗೋದನ್ನ ನಿಧಾನ ಮಾಡಬಹುದು ಅಂತ ಬರೆದರು. 2019ರಲ್ಲಿ ಬಂದ 'ಪೀಸ್ ಆ್ಯಂಡ್ ಲವ್' ಸೂತ್ರದಲ್ಲಿ ಐಸ್ ಇಲ್ಲವೇ ಇಲ್ಲ.

ಬಿಳಿಪಟ್ಟಿ
ಐಸ್ ಬೇಡವೇ ಬೇಡ ಅನ್ನೋದೂ ಅತಿಯಾಯ್ತು. ಮೊದಲ ರಾತ್ರಿ ನೋವಿಗೆ ನಿದ್ದೆ ಬರದೇ ಇದ್ರೆ ಬಟ್ಟೆ ಸುತ್ತಿ 10ರಿಂದ 15 ನಿಮಿಷ ಇಡಿ, ಎರಡು ಗಂಟೆ ಬಿಟ್ಟು ಬೇಕಾದ್ರೆ ಮತ್ತೊಮ್ಮೆ. ಬರೀ ಚರ್ಮದ ಮೇಲೆ ಐಸ್ ಇಡಬಾರದು, ಸುಟ್ಟ ಹಾಗೇ ಗಾಯ ಆಗುತ್ತೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಮ್ಮಿಯಾಗಿರೋರು ಐಸ್ ಇಡಲೇಬಾರದು, ಸುಡ್ತಿರೋದೇ ಅವರಿಗೆ ಗೊತ್ತಾಗಲ್ಲ.

ಐಸ್‌ಗಿಂತ ಪಟ್ಟಿ ಮುಖ್ಯ. 10 ಸೆಂ.ಮೀ. ಅಗಲದ ಕ್ರೇಪ್ ಬ್ಯಾಂಡೇಜ್ ತಗೊಳ್ಳಿ. ಪಾದ ಕಾಲಿಗೆ ಲಂಬ ಕೋನದಲ್ಲಿರಲಿ (90 ಡಿಗ್ರಿ), ಬೆರಳು ಕೆಳಕ್ಕೆ ಇಳಿಬಿಟ್ಟುಕೊಂಡು ಸುತ್ತಬೇಡಿ. ಬೆರಳುಗಳ ಬುಡದಿಂದ ಶುರು ಮಾಡಿ, ಪ್ರತಿ ಸುತ್ತೂ ಹಿಂದಿನ ಸುತ್ತಿನ ಅರ್ಧ ಮುಚ್ಚಬೇಕು. ಪಾದಕ್ಕೆ ಎರಡು ಸುತ್ತು ಆದ ಮೇಲೆ ಆ್ಯಂಕಲ್ ಹತ್ತಿರ ಎಂಟರ ಆಕಾರದಲ್ಲಿ ಹಿಂದೆ ಮುಂದೆ ತಂದು ಹಿಮ್ಮಡಿಯನ್ನೂ ಮುಚ್ಚಿ, ಮೇಲೆ ಮೀನಖಂಡದ ಕೆಳಭಾಗದವರೆಗೆ ತನ್ನಿ. ಬೆರಳ ಕಡೆ ಬಿಗಿ ಜಾಸ್ತಿ, ಮೇಲೆ ಹೋದಂತೆ ಕಮ್ಮಿ. ಉಲ್ಟಾ ಆದ್ರೆ ಊತ ಬೆರಳಿಗೆ ಇಳಿಯುತ್ತೆ. ಮುಗಿದ ಮೇಲೆ ಹೆಬ್ಬೆರಳ ಉಗುರು ಒತ್ತಿ ಬಿಡಿ. ಬಿಳಿ ಬಣ್ಣ ಎರಡು ಸೆಕೆಂಡಲ್ಲಿ ಕೆಂಪಗಾಗಬೇಕು. ಆಗಲಿಲ್ಲ, ಬೆರಳು ಜೋಮು ಹಿಡೀತು ಅಂದ್ರೆ ಬಿಚ್ಚಿ ಸಡಿಲ ಮಾಡಿ. ರಾತ್ರಿ ಮಲಗುವಾಗ ಹೇಗೂ ಸಡಿಲ ಮಾಡಬೇಕು.

ಕೀಲು_ಕೆಲಸ
ಬಿಳಿಪಟ್ಟಿಯವರ ಮಾತಿಗೆ ಒಂದು ಸೇರ್ಪಡೆ. ಹೊರಬದಿ ಉಳುಕಿಗೆ ಎಂಟರ ಸುತ್ತು ಅಂಗಾಲಿನ ಕೆಳಗೆ ಒಳಬದಿಯಿಂದ ಹೊರಬದಿಗೆ ಹೋಗಿ, ಪಾದದ ಹೊರ ಅಂಚನ್ನು ಮೇಲಕ್ಕೆ ಎತ್ತುವ ಹಾಗಿರಲಿ. ಹೊರಗಿನಿಂದ ಒಳಕ್ಕೆ ಎಳೆದು ಸುತ್ತಿದರೆ ಪೆಟ್ಟಾದ ಲಿಗಮೆಂಟನ್ನೇ ಜಗ್ಗಿದ ಹಾಗಾಗುತ್ತದೆ.

ಬಿಳಿಪಟ್ಟಿ
ಹೌದು ಸರ್, ದಿಕ್ಕು ಬರೆಯೋದು ಬಿಟ್ಟುಹೋಗಿತ್ತು.

ತೆಂಕಣ_ಮಳೆ
ಎಣ್ಣೆ ಬಿಸಿ ಮಾಡಿ ಹಚ್ಚಿ ಉಜ್ಜಿದರೆ ಬೇಗ ಕಡಿಮೆ ಆಗ್ತದೆ ಅಂತ ಎಲ್ಲರೂ ಹೇಳ್ತಾರಲ್ಲ ಮಾರಾಯ್ರೆ, ಅದು ತಪ್ಪಾ?

ಹಿಮ್ಮಡಿ_ನೆಲಕ್ಕೆ
ಮೊದಲ ಮೂರು ದಿನ ಖಂಡಿತ ಬೇಡ. ಒಳಗೆ ಸಣ್ಣ ರಕ್ತನಾಳಗಳು ಹರಿದಿರುತ್ತೆ, ಶಾಖ ಕೊಟ್ಟು ಉಜ್ಜಿದರೆ ರಕ್ತ ಇನ್ನೂ ಹೆಚ್ಚು ಸೋರಿ ಊತ ಏರುತ್ತೆ. ಮದ್ಯವೂ ಬೇಡ. 'ಗಂಟು ಸರಿದಿದೆ, ಎಳೆದು ಕೂರಿಸ್ತೀನಿ' ಅನ್ನೋರ ಕೈಗೆ ಪಾದ ಕೊಡಲೇಬೇಡಿ. ಉಳುಕಿನಲ್ಲಿ ಸರಿದಿರೋದು ಏನೂ ಇರಲ್ಲ, ಹರಿದಿರುತ್ತೆ. ಎಳೆದರೆ ಅರ್ಧ ಹರಿದಿದ್ದು ಪೂರ್ತಿ ಹರಿಯಬಹುದು. ಒಳಗೆ ಮೂಳೆ ಬಿರುಕು ಬಿಟ್ಟಿದ್ರೆ ಜಾಗ ತಪ್ಪಬಹುದು.

ತೆಂಕಣ_ಮಳೆ
ಎಕ್ಸ್-ರೇ ಬೇಕಾ ಬೇಡವಾ ಅಂತ ತಿಳಿಯುವುದು ಹೇಗೆ ಹಾಗಾದ್ರೆ? ಊದಿಕೊಂಡದ್ದು ನೋಡಿದರೆ ಎಲ್ಲವೂ ಮುರಿದ ಹಾಗೇ ಕಾಣ್ತದೆ.

ಕೀಲು_ಕೆಲಸ
ಊತದಿಂದ ತಿಳಿಯುವುದಿಲ್ಲ. ಅದಕ್ಕೆ ಒಟ್ಟಾವಾ ನಿಯಮ ಇದೆ, ಕೆನಡಾದ ವೈದ್ಯರು 1992ರಲ್ಲಿ ಪ್ರಕಟಿಸಿದ್ದು. ಆ್ಯಂಕಲ್‌ನ ಎರಡು ಬದಿಯ ಉಬ್ಬುಮೂಳೆಗಳ ತುದಿಯನ್ನು, ಹಾಗೆಯೇ ಹಿಂದಿನ ಅಂಚಿನ ಕೆಳಗಿನ 6 ಸೆಂ.ಮೀ. ಉದ್ದಕ್ಕೂ ಮೂಳೆಯನ್ನೇ ಬೆರಳಿಂದ ಒತ್ತಿ ನೋಡಬೇಕು. ಪಾದದ ಹೊರ ಅಂಚಿನ ನಡುವೆ ಕಿರುಬೆರಳಿನ ಸಾಲಿನಲ್ಲಿ ಕೈಗೆ ಸಿಗುವ ಐದನೇ ಮೆಟಾಟಾರ್ಸಲ್‌ನ ಬುಡ, ಒಳಬದಿ ಕಮಾನಿನ ಮೇಲ್ಭಾಗದ ನ್ಯಾವಿಕ್ಯುಲರ್ ಮೂಳೆ, ಇವೆರಡನ್ನೂ ಒತ್ತಬೇಕು. ಇವುಗಳಲ್ಲಿ ಎಲ್ಲೇ ಮೂಳೆಯ ಮೇಲೆ ಒತ್ತಿದಾಗ ನೋವಿದ್ದರೂ, ಅಥವಾ ಪೆಟ್ಟಾದ ತಕ್ಷಣವೂ ವೈದ್ಯರ ಮುಂದೆಯೂ ನಾಲ್ಕು ಹೆಜ್ಜೆ ಇಡಲಾಗದಿದ್ದರೂ ಎಕ್ಸ್-ರೇ ಬೇಕು. ಕುಂಟಿಕೊಂಡು ಇಟ್ಟ ಹೆಜ್ಜೆಯೂ ಹೆಜ್ಜೆಯೇ. ಚಿಕ್ಕ ಮಕ್ಕಳಿಗೆ, ಅಮಲಿನಲ್ಲಿರುವವರಿಗೆ, ಪಾದದ ಸ್ಪರ್ಶ ಕಡಿಮೆ ಇರುವವರಿಗೆ ಇದನ್ನೇ ನಂಬಿ ಕೂರಬಾರದು.

ಇನ್ನೊಂದು ವಿಷಯ. ಲಿಗಮೆಂಟ್ ಎಷ್ಟು ಸಡಿಲವಾಗಿದೆ ಎಂದು ಹಿಮ್ಮಡಿಯನ್ನು ಮುಂದಕ್ಕೆ ಎಳೆದು ನೋಡುವ ಪರೀಕ್ಷೆ ಮೊದಲ ದಿನ ಊತ, ನೋವಿನಿಂದಾಗಿ ಸರಿಯಾಗಿ ತಿಳಿಯುವುದಿಲ್ಲ. ನಾಲ್ಕೈದು ದಿನ ಬಿಟ್ಟು ನೋಡಿದರೆ ಗ್ರೇಡ್ ನಿಖರವಾಗಿ ಗೊತ್ತಾಗುತ್ತದೆ. ಮೊದಲ ದಿನದ ಗ್ರೇಡೇ ಕೊನೆಯ ಮಾತಲ್ಲ.

ಬಡಗಣ_ಗಾಳಿ
ಛಲೋ ಹೇಳಿದ್ರಿ. ನಾಕ್ ಹೆಜ್ಜಿ ಲೆಕ್ಕ ಎಲ್ಲಾರಿಗೂ ಗೊತ್ತಿರಬೇಕು.

ಪಟ್ಟಿ_ಹಳದಿ
ಆ್ಯಂಕಲ್‌ಗಿಂತ ಸ್ವಲ್ಪ ಮೇಲೆ, ಕಾಲಿನ ಎರಡು ಮೂಳೆಗಳ ನಡುವೆ ನೋವಿದ್ದರೆ ಈ ಲೆಕ್ಕಗಳು ಯಾವುದೂ ನಡೆಯಲ್ಲ, ಗಮನದಲ್ಲಿರಲಿ. ಅದು ಮೇಲಿನ ಉಳುಕು, ಸಿಂಡೆಸ್ಮೋಸಿಸ್. ಪಾದ ನೆಲಕ್ಕೆ ಊರಿಕೊಂಡಿರುವಾಗ ಹೊರಕ್ಕೆ ತಿರುಚಿದರೆ ಆಗುವಂಥದ್ದು. ಮೀನಖಂಡದ ಮಟ್ಟದಲ್ಲಿ ಎರಡೂ ಮೂಳೆ ಸೇರಿಸಿ ಹಿಂಡಿದರೆ ಕೆಳಗೆ ಆ್ಯಂಕಲ್ ಹತ್ತಿರ ನೋಯುತ್ತೆ. ವಾಸಿಯಾಗೋಕೆ ಮಾಮೂಲಿ ಉಳುಕಿಗಿಂತ ಬಹಳ ಹೆಚ್ಚು ದಿನ ಬೇಕು, ಮೂಳೆಗಳ ನಡುವೆ ಅಂತರ ಬಿಟ್ಟಿದ್ದರೆ ಆಪರೇಷನ್ನೇ ಬೇಕಾಗಬಹುದು. ಇದನ್ನ ಮಾಮೂಲಿ ಉಳುಕು ಅಂದ್ಕೊಂಡು ಬೇಗ ಭಾರ ಹಾಕಿಸಿದರೆ ಕೆಲಸ ಕೆಡುತ್ತೆ.

ಮುಂಜಾವಿನ_ಓಟ
ನನ್ನದು ಮಾಮೂಲಿ ಹೊರಬದಿಯದೇ, ಹಿಂಡಿ ನೋಡಿದ್ದಾರೆ. ಮತ್ತೆ ವಿಷಯಕ್ಕೆ ಬರೋಣ. ಅಲ್ಟ್ರಾಸೌಂಡ್ ಮಷಿನ್ ಹಚ್ಚಿಸಿಕೊಂಡರೆ ವ್ಯಾಯಾಮ ಕಡಿಮೆ ಮಾಡಬಹುದಾ?

ಹಿಮ್ಮಡಿ_ನೆಲಕ್ಕೆ
ಇಲ್ಲ. ಆ್ಯಂಕಲ್ ಉಳುಕಿಗೆ ಅಲ್ಟ್ರಾಸೌಂಡ್ ಚಿಕಿತ್ಸೆಯಿಂದ ಹೇಳಿಕೊಳ್ಳುವಂಥ ಲಾಭ ಇಲ್ಲ ಅಂತ ಕೊಕ್ರೇನ್ ವಿಮರ್ಶೆಯಲ್ಲೇ (ಹಲವು ಅಧ್ಯಯನಗಳನ್ನ ಒಟ್ಟಿಗೆ ತೂಗಿ ನೋಡೋ ವರದಿ) ಇದೆ. ಹಾಸಿಗೆ ಮೇಲೆ ಮಲಗಿ ಮಷಿನ್ ಹಚ್ಚಿಸಿಕೊಂಡು ಎದ್ದು ಬರೋದೇ ಫಿಸಿಯೋಥೆರಪಿ ಅನ್ನೋ ಹಾಗಾಗಿರೋದು ನೋಡಿದ್ರೆ ಬೇಸರ ಆಗುತ್ತೆ. ನಿಮಗೆ ಹಾಳೆ ಬರೆದುಕೊಟ್ಟೋರು ಒಳ್ಳೆ ಕೆಲಸ ಮಾಡಿದ್ದಾರೆ.

ಪಟ್ಟಿ_ಹಳದಿ
ಮಷಿನ್ ಬಿಡಿ. ಆದರೆ ಫಿಸಿಯೋ ಕೈಯಿಂದ ಮಾಡೋ ಕೆಲಸಕ್ಕೆ ಬೆಲೆ ಇದೆ. ಟ್ಯಾಲಸ್ ಮೂಳೆಯನ್ನ (ಕಾಲಿನ ಮೂಳೆಗಳ ಕೆಳಗೆ ಆ್ಯಂಕಲ್ ಕೀಲಲ್ಲಿ ಕೂರೋ ಮೂಳೆ) ಹಿಂದಕ್ಕೆ ಒತ್ತಿ ಜಾರಿಸೋದರಿಂದ ಪಾದ ಮೇಲಕ್ಕೆ ಬಾಗೋದು ಆ ಕೂಡಲೇ ಸ್ವಲ್ಪ ಹೆಚ್ಚಾಗುತ್ತೆ. ಅದಾದ ತಕ್ಷಣ ವ್ಯಾಯಾಮ ಮಾಡಿದರೆ ಮಾತ್ರ ಅದು ಉಳಿಯುತ್ತೆ.

ಕೀಲು_ಕೆಲಸ
ಬ್ಯಾಂಡ್ ವ್ಯಾಯಾಮದಲ್ಲಿ ಆಗುವ ತಪ್ಪು ಹೇಳುತ್ತೇನೆ, ಏಕೆಂದರೆ ಹಾಳೆಯಲ್ಲಿ ಚಿತ್ರ ಇದ್ದರೂ ಇದು ಗೊತ್ತಾಗುವುದಿಲ್ಲ. ಪಾದವನ್ನು ಹೊರಕ್ಕೆ ತಿರುಗಿಸುವಾಗ ಹೆಚ್ಚಿನವರು ತೊಡೆಯಿಂದ ಇಡೀ ಕಾಲನ್ನೇ ಹೊರಳಿಸುತ್ತಾರೆ. ಮೊಣಕಾಲ ಚಿಪ್ಪು ಹೊರಕ್ಕೆ ತಿರುಗಿತು ಎಂದರೆ ಪೆರೋನಿಯಲ್ ಕೆಲಸ ಮಾಡುತ್ತಿಲ್ಲ. ಕಾಲು ಚಾಚಿ ಕೂತು, ಮೊಣಕಾಲ ಕೆಳಗೆ ಸುತ್ತಿದ ಟವೆಲ್ ಇಟ್ಟು, ಚಿಪ್ಪು ಸೂರಿನ ಕಡೆ ನೋಡುತ್ತಿರಲಿ. ಅಂಗಾಲು ಮಾತ್ರ ಹೊರಕ್ಕೆ. ಹೊರಕ್ಕೆ ಹೋಗಲು ಒಂದು ಸೆಕೆಂಡ್, ವಾಪಸ್ ಬರಲು ಮೂರು ಸೆಕೆಂಡ್. ಬ್ಯಾಂಡ್ ಪಾದವನ್ನು ಪಟ್ಟನೆ ಎಳೆದುಕೊಳ್ಳಲು ಬಿಡಬೇಡಿ, ತಡೆತಡೆದು ಬಿಡುವುದರಲ್ಲೇ ಲಾಭ ಇರುವುದು. 12ರಿಂದ 15 ಸಲ, ಮೂರು ಸುತ್ತು. 15 ಸಲ ಆರಾಮಾಗಿ ಆಗುತ್ತಿದ್ದರೆ ಇನ್ನೂ ಗಟ್ಟಿ ಬ್ಯಾಂಡ್‌ಗೆ ಹೋಗಿ. ಒಳಕ್ಕೆ ತಿರುಗಿಸುವ ವ್ಯಾಯಾಮ ಮೊದಲ ವಾರಗಳಲ್ಲಿ ಲಿಗಮೆಂಟನ್ನು ಜಗ್ಗುತ್ತದೆ, ಅದನ್ನು ಕೊನೆಗೆ ಸೇರಿಸಿ.

ಪಟ್ಟಿ_ಹಳದಿ
ಹಿಮ್ಮಡಿ ಎತ್ತೋದರಲ್ಲೂ ಇಂಥದ್ದೇ ಒಂದು ತಪ್ಪಿದೆ. ಮೇಲೆ ಏರಿದಾಗ ಭಾರ ಕಿರುಬೆರಳ ಕಡೆ ಜಾರುತ್ತೆ, ಪಾದ ಹೊರಕ್ಕೆ ವಾಲುತ್ತೆ. ಮೊದಲು ಉಳುಕಿದ್ದೂ ಆ ಭಂಗಿಯಲ್ಲೇ ಅಲ್ವಾ? ಭಾರ ಹೆಬ್ಬೆರಳು ಮತ್ತು ಎರಡನೇ ಬೆರಳ ಬುಡದ ಮೇಲಿರಬೇಕು. ಎರಡು ಹಿಮ್ಮಡಿ ನಡುವೆ ಒಂದು ಚೆಂಡು ಇಟ್ಟು ಹಿಡಿದುಕೊಂಡು ಏರಿದರೆ ತಾನಾಗಿ ಸರಿಹೋಗುತ್ತೆ. ಮೊದಲು ಎರಡೂ ಕಾಲಲ್ಲಿ ಏರಿ ಎರಡರಲ್ಲೂ ಇಳಿಯಿರಿ. ಆಮೇಲೆ ಎರಡರಲ್ಲಿ ಏರಿ, ಪೆಟ್ಟಾದ ಕಾಲೊಂದರಲ್ಲೇ ನಿಧಾನಕ್ಕೆ ಇಳಿಯಿರಿ. ಕೊನೆಗೆ ಒಂಟಿ ಕಾಲಲ್ಲೇ. ಒಳ್ಳೆ ಕಾಲಲ್ಲಿ ಎಷ್ಟು ಆಗುತ್ತೋ ಅಷ್ಟೇ ಪೆಟ್ಟಾದ ಕಾಲಲ್ಲೂ ಆಗಬೇಕು. ಇಪ್ಪತ್ತು, ಇಪ್ಪತ್ತೈದು ಅಂದ್ಕೊಳ್ಳಿ. ನೋವಿಲ್ಲ ಅನ್ನೋರಿಗೆ ಇದನ್ನ ಮಾಡಿಸಿ, ಎಂಟಕ್ಕೋ ಹತ್ತಕ್ಕೋ ಕಾಲು ನಡುಗೋಕೆ ಶುರುವಾಗುತ್ತೆ.

ನೀಲಿಕೊಡೆ
ಒಂಟಿ ಕಾಲಲ್ಲಿ ನಿಲ್ಲೋದರಲ್ಲಿ ಏನಿದೆ? ಸುಮ್ನೆ ನಿಂತರಾಯ್ತಲ್ವಾ?

ಹಿಮ್ಮಡಿ_ನೆಲಕ್ಕೆ
@ನೀಲಿಕೊಡೆ ಸುಮ್ನೆ ನಿಂತರೆ ಆಗಲ್ಲ. ಬರಿಗಾಲಲ್ಲಿ, ಗೋಡೆಗೆ ಕೈ ತಾಗೋ ದೂರದಲ್ಲಿ ನಿಲ್ಲಿ. ಹಿಮ್ಮಡಿ, ಹೆಬ್ಬೆರಳ ಬುಡ, ಕಿರುಬೆರಳ ಬುಡ, ಈ ಮೂರೂ ಜಾಗ ನೆಲಕ್ಕೆ ಸಮನಾಗಿ ಒತ್ತಿರಬೇಕು. ಬೆರಳುಗಳು ನೆಲವನ್ನ ಗೀರಿ ಹಿಡ್ಕೊಂಡಿದ್ರೆ ತಪ್ಪು, ಅಂಗಾಲಿನ ಒಳಗಿನ ಸಣ್ಣ ಸ್ನಾಯುಗಳ ಕೆಲಸವನ್ನ ಬೆರಳು ಕದ್ದುಕೊಂಡಿದೆ ಅಂತ ಅರ್ಥ. ಮೊಣಕಾಲು ಚೂರೇ ಚೂರು ಬಾಗಿರಲಿ, ಲಾಕ್ ಮಾಡಿ ನಿಂತರೆ ಆ್ಯಂಕಲ್‌ಗೆ ಕೆಲಸ ಇರಲ್ಲ. ಎತ್ತಿದ ಕಾಲಿನ ಕಡೆಯ ಸೊಂಟ ಕೆಳಗೆ ಇಳಿಯಬಾರದು. ಆ್ಯಂಕಲ್ ಸುತ್ತ ಸ್ನಾಯುರಜ್ಜುಗಳು ಪಟಪಟ ಅಂತ ಆಡ್ತಾ ಇರೋದು ಕಾಣಿಸುತ್ತೆ, ಅದೇ ನಮಗೆ ಬೇಕಾಗಿರೋದು. ಅದನ್ನ ನಿಲ್ಲಿಸೋಕೆ ಹೋಗಬೇಡಿ.

30 ಸೆಕೆಂಡ್, ಮೂರು ಸಲ ಆಗ್ತಿದ್ರೆ ತಲೆಯನ್ನ ಎಡಕ್ಕೆ ಬಲಕ್ಕೆ ತಿರುಗಿಸ್ತಾ ನಿಲ್ಲಿ. ಅದೂ ಆದ್ರೆ ಕಣ್ಣು ಮುಚ್ಚಿ. ಕಣ್ಣು ಮುಚ್ಚಿದ ಕೂಡ್ಲೇ ಐದು ಸೆಕೆಂಡಿಗೆ ಕಾಲು ಊರಬೇಕಾಗುತ್ತೆ, ಕಣ್ಣಿನ ಸಹಾಯ ಇಲ್ಲದಿದ್ರೆ ಕೀಲಿನ ಅರಿವು ಎಷ್ಟಿದೆ ಅಂತ ಆಗ ಗೊತ್ತಾಗುತ್ತೆ. ಆಮೇಲೆ ಮಡಿಸಿದ ದಿಂಬಿನ ಮೇಲೆ, ಚೆಂಡು ಎಸೆದು ಹಿಡೀತಾ. ಕೊನೆಗೆ ನಿಂತ ಕಾಲು ಬಾಗಿಸಿ, ಇನ್ನೊಂದು ಕಾಲಿನ ತುದಿಯನ್ನ ಮುಂದೆ, ಹಿಂದೆ ಎಡಕ್ಕೆ, ಹಿಂದೆ ಬಲಕ್ಕೆ ಚಾಚಿ ಆಗುವಷ್ಟು ದೂರ ಮುಟ್ಟಿಸಿ ಬರೋದು. ಮುಂದಕ್ಕೆ ಚಾಚೋ ದೂರದಲ್ಲಿ ಎರಡು ಕಾಲಿಗೂ 4 ಸೆಂ.ಮೀ. ಮೇಲೆ ವ್ಯತ್ಯಾಸ ಇದ್ರೆ ಇನ್ನೂ ಆಟಕ್ಕೆ ಹೋಗೋ ಹೊತ್ತಲ್ಲ.

ನೀಲಿಕೊಡೆ
ಅಬ್ಬಾ, ಇಷ್ಟೊಂದಿದೆ ಅಂತ ಗೊತ್ತಿರಲಿಲ್ಲ. ನೋವಾದ್ರೆ ನಿಲ್ಲಿಸಬೇಕಾ?

ಕೀಲು_ಕೆಲಸ
ಹತ್ತರಲ್ಲಿ ಮೂರರವರೆಗಿನ ನೋವು ಪರವಾಗಿಲ್ಲ. ಅದು ಮಾರನೇ ದಿನ ಅದೇ ಹೊತ್ತಿಗೆ ಮೊದಲಿನ ಮಟ್ಟಕ್ಕೆ ಇಳಿದಿರಬೇಕು. ಇಳಿದಿಲ್ಲ, ಬೆಳಗ್ಗೆ ಎದ್ದಾಗ ಬಿಗಿ ಹೆಚ್ಚಿದೆ, ಊತ ಏರಿದೆ ಎಂದರೆ ಹಿಂದಿನ ದಿನದ ಭಾರ ಹೆಚ್ಚಾಗಿದೆ. ಪೂರ್ತಿ ಬಿಡಬೇಡಿ, ಒಂದು ಹಂತ ಕೆಳಗಿಳಿಯಿರಿ. ಚುಚ್ಚುವ ನೋವು ಅಥವಾ ಕೀಲು ಸರಕ್ಕನೆ ಜಾರಿದ ಅನುಭವ ಆದರೆ ಮಾತ್ರ ತಕ್ಷಣ ನಿಲ್ಲಿಸಿ.

ಮುಂಜಾವಿನ_ಓಟ
ಸಂಜೆ ಊತದ ಬಗ್ಗೆ ಯಾರೂ ಹೇಳಲಿಲ್ಲ.

ಬಿಳಿಪಟ್ಟಿ
ಅದು ತಿಂಗಳುಗಟ್ಟಲೆ ಇರಬಹುದು, ಅದೊಂದನ್ನೇ ನೋಡಿ ಹೆದರಬೇಡಿ. ಹೊತ್ತಿಡೀ ಕಾಲು ಇಳಿಬಿಟ್ಟುಕೊಂಡಿದ್ರೆ ನೀರು ಇಳಿಯುತ್ತೆ. ಕೂತಲ್ಲೇ ಗಂಟೆಗೊಮ್ಮೆ ಪಾದ ಮೇಲೆ ಕೆಳಗೆ ಇಪ್ಪತ್ತು ಮೂವತ್ತು ಸಲ ಆಡಿಸಿ, ಮೀನಖಂಡ ಪಂಪ್ ಥರ ಕೆಲಸ ಮಾಡಿ ನೀರನ್ನ ಮೇಲಕ್ಕೆ ತಳ್ಳುತ್ತೆ. ಸಂಜೆ ಮಲಗಿಕೊಂಡು ಪಾದ ಎದೆಗಿಂತ ಮೇಲಿರೋ ಹಾಗೆ ದಿಂಬು ಇಟ್ಟು ಹದಿನೈದು ಇಪ್ಪತ್ತು ನಿಮಿಷ. ಕುರ್ಚಿಯಲ್ಲಿ ಕೂತು ಸ್ಟೂಲ್ ಮೇಲೆ ಕಾಲು ಇಟ್ಟರೆ ಅದು ಎತ್ತಿಟ್ಟ ಹಾಗಲ್ಲ.

ಪಟ್ಟಿ_ಹಳದಿ
ಆದರೆ ಊತ ಮೀನಖಂಡದಲ್ಲಿ ಬಂದು, ಅಲ್ಲಿ ನೋವು, ಬಿಸಿ, ಕೆಂಪು ಇದ್ದರೆ ಅದು ರಕ್ತ ಹೆಪ್ಪುಗಟ್ಟಿರುವ ಲಕ್ಷಣ ಇರಬಹುದು, ಅವತ್ತೇ ವೈದ್ಯರ ಹತ್ತಿರ ಹೋಗಿ. ಪೆಟ್ಟಿಗೆ ಮೀರಿದ ಉರಿನೋವು, ಪಾದದ ಬಣ್ಣ ಬದಲಾಗೋದು, ಬೆವರು, ಬಟ್ಟೆ ತಾಗಿದರೂ ತಡೆಯಲಾಗದ ನೋವು ಇದ್ದರೂ ಹಾಗೇ, ಕಾಯುತ್ತಾ ಕೂರಬೇಡಿ. ಆರರಿಂದ ಎಂಟು ವಾರ ಸರಿಯಾಗಿ ವ್ಯಾಯಾಮ ಮಾಡಿಯೂ ಕೀಲಿನ ಆಳದಲ್ಲಿ ನೋವು, ಸಿಕ್ಕಿಹಾಕಿಕೊಂಡ ಅನುಭವ ಇದ್ದರೆ ಟ್ಯಾಲಸ್‌ನ ಮೃದ್ವಸ್ಥಿಗೆ ಪೆಟ್ಟಾಗಿದೆಯಾ ಅಂತ ಎಂಆರ್‌ಐ ಮಾಡಿಸಬೇಕಾಗುತ್ತೆ.

ತೆಂಕಣ_ಮಳೆ
ಮಧ್ಯೆ ಒಂದು ಬೇರೆ ಪ್ರಶ್ನೆ. ಮೊಣಕಾಲಿನ ಲಿಗಮೆಂಟಿಗೂ ಇದೇ ಲೆಕ್ಕವಾ?

ಹಿಮ್ಮಡಿ_ನೆಲಕ್ಕೆ
ಯಾವ ಲಿಗಮೆಂಟ್ ಅನ್ನೋದರ ಮೇಲೆ ಹೋಗುತ್ತೆ. ಒಳಬದಿಯ ಎಂಸಿಎಲ್‌ಗೆ ರಕ್ತಸಂಚಾರ ಚೆನ್ನಾಗಿರೋದರಿಂದ ಗ್ರೇಡ್ 1, 2 ಎಲ್ಲ ಬ್ರೇಸ್, ವ್ಯಾಯಾಮದಲ್ಲೇ ವಾಸಿ ಆಗುತ್ತೆ. ಮೊಣಕಾಲ ಕೀಲಿನ ನಡುವೆ ಇರೋ ಎಸಿಎಲ್ ಪೂರ್ತಿ ಹರಿದ್ರೆ ಲೆಕ್ಕವೇ ಬೇರೆ. ಅದಕ್ಕೆ ಬೇರೆ ಚರ್ಚೆ ಶುರು ಮಾಡಿ, ಇಲ್ಲಿ ಸೇರಿಸಿದರೆ ಓದೋರಿಗೆ ಗೊಂದಲ.

ಬಡಗಣ_ಗಾಳಿ
ಊರುಗೋಲು ಯಾವ ಕೈಯಾಗ ಹಿಡೀಬೇಕ್ರಿ? ಭಾಳ ಮಂದಿ ಪೆಟ್ಟಾದ ಕಡೀನ ಹಿಡೀತಾರ.

ಕೀಲು_ಕೆಲಸ
ಒಂದೇ ಊರುಗೋಲಾದರೆ ಒಳ್ಳೆ ಕಾಲಿನ ಕಡೆಯ ಕೈಯಲ್ಲಿ. ಪೆಟ್ಟಾದ ಕಾಲಿನ ಜೊತೆಗೇ ಅದೂ ಮುಂದೆ ಹೋಗಬೇಕು. ಮೆಟ್ಟಿಲು ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಪೆಟ್ಟಾದ ಕಾಲು ಮತ್ತು ಊರುಗೋಲು ಮೊದಲು. ಕುಂಟದೆ ನಡೆಯಲು ಬಂದ ದಿನ ಬಿಟ್ಟುಬಿಡಿ, ಅದಕ್ಕಿಂತ ಮೊದಲು ಬೇಡ. ಕುಂಟುತ್ತಾ ನಡೆದರೆ ಆ ನಡಿಗೆಯೇ ರೂಢಿಯಾಗಿ ಸೊಂಟ ನೋಯಲು ಶುರುವಾಗುತ್ತದೆ.

ಶಟಲ್_ಪ್ರಿಯ
ಓಟದ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ ನೋಡಿ. ನನ್ನ ಪ್ರಕಾರ ಆರು ವಾರ ಆದಮೇಲೆ ಓಡಬಹುದು.

ಪಟ್ಟಿ_ಹಳದಿ
ವಾರ ಎಣಿಸಿ ಓಡೋದಲ್ಲ ಅಣ್ಣ, ಕಾಲು ಏನು ಮಾಡಬಲ್ಲದು ಅಂತ ನೋಡಿ ಓಡಬೇಕು. ಅರ್ಧ ಗಂಟೆ ಬಿರುಸಾಗಿ ನಡೆದರೂ ಕುಂಟಬಾರದು. ಒಂಟಿ ಕಾಲ ಹಿಮ್ಮಡಿ ಎತ್ತೋದು ಎರಡು ಕಡೆಗೂ ಹೆಚ್ಚು ಕಡಿಮೆ ಸಮ ಇರಬೇಕು. ನಿಂತಲ್ಲೇ ಒಂಟಿ ಕಾಲಲ್ಲಿ ಹತ್ತು ಸಲ ಕುಪ್ಪಳಿಸಿದರೂ ನೋವಿರಬಾರದು, ಇಳಿಯುವಾಗ ಪಾದ ಅಲ್ಲಾಡಬಾರದು. ಇಷ್ಟಾದರೆ ಒಂದು ನಿಮಿಷ ನಿಧಾನ ಓಟ, ಎರಡು ನಿಮಿಷ ನಡಿಗೆ, ಹೀಗೆ ಆರೇಳು ಸಲ. ದಿನ ಬಿಟ್ಟು ದಿನ, ಸಮತಟ್ಟು ನೆಲ, ನೇರ ದಾರಿ. ಮಾರನೇ ದಿನ ಊತ ಏರದಿದ್ದರೆ ಓಟದ ನಿಮಿಷ ಹೆಚ್ಚಿಸಿ, ನಡಿಗೆಯದು ಇಳಿಸಿ. ಅರ್ಧ ಗಂಟೆ ಬಿಡದೆ ಓಡಲು ಆದಮೇಲೆ ತಿರುವು, ಎಂಟರ ಆಕಾರ, ತಟ್ಟನೆ ನಿಲ್ಲೋದು. ಶಟಲ್, ಫುಟ್‌ಬಾಲ್ ಆಡೋರು ಕೊನೆಯದನ್ನ ಬಿಟ್ಟು ಕೋರ್ಟಿಗೆ ಇಳಿದರೆ ಮೊದಲ ಪಕ್ಕದ ಹೆಜ್ಜೆಗೇ ಮತ್ತೆ ಹೊರಳುತ್ತೆ. ಒಂಟಿ ಕಾಲಲ್ಲಿ ಮುಂದಕ್ಕೆ, ಪಕ್ಕಕ್ಕೆ ಹಾರೋ ದೂರ ಒಳ್ಳೆ ಕಾಲಿನ ದೂರದ 90% ಆದರೂ ಮುಟ್ಟಲಿ, ಆಮೇಲೆ ಆಟ.

ಶಟಲ್_ಪ್ರಿಯ
ಪಕ್ಕದ ಹೆಜ್ಜೆ ವಿಷಯ ಸರಿಯಾಗಿ ಹೇಳಿದ್ರಿ. ನೆಟ್ ಹತ್ತಿರ ಮುನ್ನುಗ್ಗೋ ಹೆಜ್ಜೆಯನ್ನೂ ಸೇರಿಸಿ, ಬ್ಯಾಡ್ಮಿಂಟನ್‌ಗೆ ಅದಿಲ್ಲದೆ ನಡೆಯಲ್ಲ.

ಮುಂಜಾವಿನ_ಓಟ
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಯಾಕೆ ಬಿಡಬಾರದು ಅಂತ ಅರ್ಥ ಆಯ್ತು, ಹಾಳೆ ಮುಂದುವರಿಸ್ತೀನಿ. ಕೊನೆಯದಾಗಿ ಒಂದು. ಹಾಳೆಯಲ್ಲಿ 'ಮೊಣಕಾಲು ಗೋಡೆಗೆ' ಅಂತ ಒಂದು ಅಳತೆ ಇದೆ. ಒಳ್ಳೆ ಕಾಲಿಗೆ 10 ಸೆಂ.ಮೀ., ಇದಕ್ಕೆ 6.5. ಮೆಟ್ಟಿಲಿನ ಬಿಗಿ ಇದರಿಂದಲೇನಾ?

ಕೀಲು_ಕೆಲಸ
ಅದರಿಂದಲೇ. ಮೆಟ್ಟಿಲು ಇಳಿಯುವಾಗ ಮೇಲಿನ ಮೆಟ್ಟಿಲಲ್ಲಿ ಉಳಿದ ಕಾಲಿನ ಮೊಣಕಾಲು ಬೆರಳುಗಳನ್ನು ದಾಟಿ ಮುಂದೆ ಹೋಗಬೇಕು, ಆ ಬಾಗು ನಿಮಗೆ ಸಾಲದು. ಅಳೆಯುವ ಕ್ರಮ ಮೊದಲು ಖಚಿತ ಮಾಡಿಕೊಳ್ಳಿ. ಹೆಬ್ಬೆರಳಿನ ತುದಿಯಿಂದ ಗೋಡೆಗೆ ಇರುವ ದೂರವೇ ಲೆಕ್ಕ. ಪಾದ ಗೋಡೆಗೆ ನೇರ, ಹಿಮ್ಮಡಿ ಏಳಬಾರದು, ಮೊಣಕಾಲು ಎರಡನೇ ಬೆರಳಿನ ನೇರಕ್ಕೆ ಹೋಗಿ ಗೋಡೆ ಮುಟ್ಟಬೇಕು. ಒಳಗಿನ ಕಮಾನು ಕುಸಿದು ಮೊಣಕಾಲು ಒಳಕ್ಕೆ ಹೋದರೆ ಸುಳ್ಳು ಅಳತೆ ಸಿಗುತ್ತದೆ. ಹಿಮ್ಮಡಿ ಎದ್ದಿದೆಯೇ ಎಂದು ತಿಳಿಯಲು ಅದರಡಿ ಒಂದು ಕಾಗದದ ಚೂರು ಇಟ್ಟು ಯಾರಾದರೂ ಎಳೆದು ನೋಡಲಿ, ಬಂದುಬಿಟ್ಟರೆ ಎದ್ದಿದೆ.

ವ್ಯತ್ಯಾಸ 1.5 ಸೆಂ.ಮೀ. ಒಳಗೆ ಬರಬೇಕು. ಬಾಗಿದಾಗ ಎಲ್ಲಿ ಹಿಡಿಯುತ್ತದೆ ನೋಡಿ ಹೇಳಿ. ಮೀನಖಂಡದಲ್ಲೋ ಹಿಮ್ಮಡಿಯ ಮೇಲೋ, ಅಥವಾ ಆ್ಯಂಕಲ್‌ನ ಮುಂಭಾಗದಲ್ಲೋ?

ಮುಂಜಾವಿನ_ಓಟ
ಮುಂಭಾಗದಲ್ಲಿ, ಚಿವುಟಿದ ಹಾಗೆ.

ಕೀಲು_ಕೆಲಸ
ಹಾಗಾದರೆ ಮೀನಖಂಡವನ್ನು ಎಷ್ಟು ಎಳೆದರೂ ಬಿಗಿ ಬಿಡುವುದಿಲ್ಲ. ಹಿಂದೆ ಹಿಡಿಯುತ್ತಿದ್ದರೆ ಮೊಣಕಾಲು ನೇರ ಇಟ್ಟು 30 ಸೆಕೆಂಡ್, ಬಾಗಿಸಿ 30 ಸೆಕೆಂಡ್, ಮೂರು ಮೂರು ಸಲ ಎಳೆತ ಸಾಕಾಗುತ್ತಿತ್ತು. ಮುಂದೆ ಚಿವುಟುತ್ತಿದೆ ಎಂದರೆ ಹೆಚ್ಚಾಗಿ ಟ್ಯಾಲಸ್ ಹಿಂದಕ್ಕೆ ಸರಿಯಾಗಿ ಜಾರುತ್ತಿಲ್ಲ. ಮುಂದಿನ ಸಲ ಫಿಸಿಯೋ ಬಳಿ ಹೋದಾಗ ಈ ಮಾತನ್ನೇ ಹೇಳಿ, ಪಟ್ಟಿ_ಹಳದಿಯವರು ಹೇಳಿದ ಹಾಗೆ ಕೈಯಿಂದ ಜಾರಿಸಿ ನೋಡುತ್ತಾರೆ. ಮನೆಯಲ್ಲಿ ಮಾಡುವುದಾದರೆ ಗಟ್ಟಿ ಬ್ಯಾಂಡನ್ನು ಹಿಂದಿನ ಮೇಜಿನ ಕಾಲಿಗೆ, ನೆಲಕ್ಕೆ ಹತ್ತಿರ ಕಟ್ಟಿ. ಇನ್ನೊಂದು ತುದಿ ಆ್ಯಂಕಲ್‌ನ ಮುಂದೆ, ಎರಡು ಉಬ್ಬುಮೂಳೆಗಳಿಗಿಂತ ಕೆಳಗೆ ಕೂರಬೇಕು. ಮೇಲೆ ಕೂತರೆ ಕಾಲಿನ ಮೂಳೆಯನ್ನೇ ಹಿಂದಕ್ಕೆ ಎಳೆಯುತ್ತದೆ, ಪ್ರಯೋಜನ ಇಲ್ಲ. ಬ್ಯಾಂಡ್ ಬಿಗಿಯಾಗುವಷ್ಟು ಮುಂದೆ ಬಂದು, ಹಿಮ್ಮಡಿ ಊರಿಕೊಂಡೇ ಮೊಣಕಾಲನ್ನು ನಿಧಾನವಾಗಿ ಮುಂದೆ ತಂದು ವಾಪಸ್ ಹೋಗಿ. ಹತ್ತು ಸಲ, ಎರಡು ಮೂರು ಸುತ್ತು. ಮಾಡುವಾಗ ಚಿವುಟು ಕಡಿಮೆ ಅನಿಸಬೇಕು. ಹೆಚ್ಚಾದರೆ ಬ್ಯಾಂಡ್ ಕೂತ ಜಾಗ ತಪ್ಪಿದೆ, ಸರಿಪಡಿಸಿ. ಮುಗಿದ ಕೂಡಲೇ ಮತ್ತೆ ಗೋಡೆಗೆ ಅಳೆಯಿರಿ. ವಾರ ಕಳೆದರೂ ಅಳತೆ ಕದಲದಿದ್ದರೆ ಇಲ್ಲಿ ಬರೆಯಿರಿ.

ಮುಂಜಾವಿನ_ಓಟ
ಸರಿ ಸರ್. ಬ್ಯಾಂಡ್ ಇಷ್ಟು ದಿನ ಉಬ್ಬುಮೂಳೆಯ ಮೇಲೇ ಕೂರ್ತಿತ್ತು. ಇವತ್ತು ಕೆಳಗೆ ಹಾಕಿ ಅಳೆದು ಬರೀತೀನಿ.